ತೊಗಲುಗೊಂಬೆಯೂ ರಾಷ್ಟ್ರದ ಅಳತೆಯೂ

ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ಆ ವಾದವನ್ನು ಮತ್ತೆ ಕೆದಕುವುದು ನಮ್ಮ ಉದ್ದೇಶವಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಜನರು ತಮ್ಮನ್ನೂ ತಮ್ಮ ರಾಷ್ಟ್ರವನ್ನೂ ಯಾವ ರೂಪದಲ್ಲಿ ಚಿತ್ರಿಸಿಕೊಳ್ಳುತ್ತಾರೆಂಬುದೇ ಹೆಸರಿಗಿಂತ ಹೆಚ್ಚಿನ ಪ್ರಶ್ನೆಯೆಂದು ನಾವು ಭಾವಿಸುತ್ತೇವೆ.

ರಾಮನಗರದ ಬಳಿ ಮೈಸೂರು ರಸ್ತೆಯ ಮಗ್ಗುಲಲ್ಲಿ ದಿವಂಗತ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಅಲ್ಲಿ ತೊಗಲುಗೊಂಬೆಗಳ ಮುಂದೆ ನಿಂತವರಿಗೆ ಒಂದು ಸಂಗತಿ ತಾನಾಗಿ ಹೊಳೆಯಬೇಕು. ಬೆಳಕು ತೂರುವಷ್ಟು ತೆಳುವಾಗಿ ಹದಮಾಡಿದ ತೊಗಲಿನ ಮೇಲೆ ಬಣ್ಣ ಬಳಿದು, ತೂತು ಕೊರೆದು ಮಾಡಿದ ಆ ಚಿತ್ರಗಳಲ್ಲಿ ಪದವಿಯೇ ಅಳತೆಗೋಲು. ದೇವರು ದೊಡ್ಡವನು, ಅರಸನು ದೊಡ್ಡವನು, ಸಾಮಾನ್ಯನು ಚಿಕ್ಕವನು. ಕಿಳ್ಳೇಕ್ಯಾತ, ಬಂಗಾರಕ್ಕರಂತೂ ನಗಿಸುವುದಕ್ಕೆಂದೇ ಬರತಕ್ಕವರು. (ಸಭೆಗೆ ಹೆಚ್ಚು ಬೇಕಾದವರೂ ಅವರೇ ಎಂಬುದು ಬೇರೆ ಮಾತು.)

ರಾಮಾಯಣದ ಆಟಕ್ಕೆ ಈ ಅಳತೆ ಸಲ್ಲುತ್ತದೆ. ಆದರೆ ಆಟದ ವಸ್ತುವು ರಾಷ್ಟ್ರವಾದಾಗ? 2023ರಲ್ಲಿ ತೀರಿಕೊಂಡ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಸಂಗ್ರಾಮವನ್ನು ತೊಗಲುಗೊಂಬೆಗಳಲ್ಲಿ ಆಡಿಸಿ ತೋರಿಸಿದರು. ಆ ದಾರಿಯಲ್ಲಿ ನಡೆಯುವ ಚಿತ್ರಗಾರನು ಗಾಂಧೀಜಿಯವರನ್ನು ಶ್ರೀರಾಮನ ಅಳತೆಗೆ ಬರೆದು, ಅವರ ಹಿಂದೆ ನಡೆದ ರೈತನನ್ನು ಗೇಣುದ್ದಕ್ಕೆ ಕತ್ತರಿಸಿದರೆ, ಭಾಗವತನ ಬಾಯಿ ಸ್ವರಾಜ್ಯವನ್ನು ಹಾಡುತ್ತಿರುವಾಗ ತೊಗಲು ಅರಸೊತ್ತಿಗೆಯನ್ನೇ ಸಾರುತ್ತಿರುವುದು.

ಈ ಅಳತೆಯ ಮೋಹವು ಗೊಂಬೆಯಾಟಕ್ಕೆ ಮಾತ್ರ ಸೇರಿದ್ದಲ್ಲ. ಮಾಗಡಿಗೆ ಕೀರ್ತಿ ತಂದ ಕೆಂಪೇಗೌಡರಿಗೆ 2022ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ 108 ಅಡಿಯ ಕಂಚಿನ ಪ್ರತಿಮೆಯನ್ನು ನಿಲ್ಲಿಸಲಾಯಿತು. ಕೆಂಪೇಗೌಡರಿಗೆ ಆ ಗೌರವವು ಸಲ್ಲತಕ್ಕದ್ದೇ, ನಮಗೆ ಅಸೂಯೆಯಿಲ್ಲ. ಆದರೆ ಅವರ ಕೆರೆಗಳಿಗೆ ಮಣ್ಣು ಹೊತ್ತವರಿಗೆ ಎಷ್ಟು ಅಡಿ?

ಚನ್ನಪಟ್ಟಣಕ್ಕೆ ನೆರೆಯದಾದ ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್ ತಿಂಗಳಲ್ಲಿ, ಸರಕಾರದ ನಿಷೇಧವನ್ನು ಮೀರಿ ರಾಷ್ಟ್ರಧ್ವಜವನ್ನು ಹಾರಿಸಲಾಯಿತು. ಮೈಸೂರು ಕಾಂಗ್ರೆಸ್ಸಿನ ಆ ಅಧಿವೇಶನಕ್ಕೆ ಟಿ. ಸಿದ್ಧಲಿಂಗಯ್ಯನವರು ಅಧ್ಯಕ್ಷರು, ಬಲವೆಲ್ಲ ಹಳ್ಳಿಗಳಿಂದ ಬಂದು ನೆರೆದ ರೈತರದು. ಗೊಂಬೆಯಾಟಕ್ಕೆ ಇದಕ್ಕಿಂತ ತಕ್ಕ ಕಥೆ ಈ ಸೀಮೆಯಲ್ಲಿ ಯಾವುದು? ಅಧ್ಯಕ್ಷರೂ ರೈತನೂ ಒಂದೇ ಎತ್ತರದಲ್ಲಿ ಪರದೆಯ ಮೇಲೆ ಬರಲಿ. ಹಾರುವ ಧ್ವಜವೊಂದೇ ಎಲ್ಲರಿಗಿಂತ ಮೇಲಿರಲಿ. ಅದೇ ಪಾತ್ರಗಳನ್ನು ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣವೇರಿಸಿದರೆ ಮಕ್ಕಳ ಕೈಗೂ ಆ ಕಥೆ ಸೇರುವುದು. ಕಡೆಯುವ ಯಂತ್ರಕ್ಕೆ ದೊರೆ ಬೇರೆಯಲ್ಲ, ದುಡಿಯುವವನು ಬೇರೆಯಲ್ಲ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಧಿಕಾರಿಗಳು ಈ ಕಾರ್ಯಕ್ಕೆ ಮನಸ್ಸು ಮಾಡಬೇಕು. ಉತ್ಸವದ ದಿನ ಹಾರ ಶಾಲು ಹಾಕಿ ಕಳುಹಿಸುವ ಪದ್ಧತಿಯಿಂದ ಹೊಸ ಗೊಂಬೆ ಹುಟ್ಟುವುದಿಲ್ಲ. ತೊಗಲಿಗೂ ಮರಕ್ಕೂ ಕೈಕೆಲಸದ ಕಾಲಕ್ಕೂ ಹಣವನ್ನು ಮುಂಗಡವಾಗಿ ಕೊಡಬೇಕು. ಮೊದಲನೆಯ ಆಟವು ಕನಕಪುರದ ಒಂದು ಪ್ರೌಢಶಾಲೆಯಲ್ಲಿ, ಹಳ್ಳಿಗಳಿಂದ ನಡೆದುಬರುವ ಮಕ್ಕಳ ಎದುರಿಗೆ ನಡೆಯಲಿ.