ಟಂಡ್ರಾದ ಸಸ್ಯಗಳೂ ನಮ್ಮ ಕಲ್ಲುಹೂವೂ

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಗ್ರಂಧಿಗೆ ಅಂಗಡಿಯವರನ್ನು ಕಲ್ಲುಹೂವು ಕೇಳಿದರೆ, ಬೂದುಬಣ್ಣದ, ಒಣಗಿ ಮುರುಟಿದ ಚೂರುಗಳನ್ನು ಪೊಟ್ಟಣ ಕಟ್ಟಿ ಕೊಡುವರು. ಮಸಾಲೆಯ ಪುಡಿಗೆ ಪರಿಮಳ ಕೊಡುವ ಈ ವಸ್ತು ಕಲ್ಲೂ ಅಲ್ಲ, ಹೂವೂ ಅಲ್ಲ. ಅದು ಶಿಲೀಂಧ್ರವೊಂದು ಪಾಚಿಯೊಡನೆ ಕೂಡಿ ನಡೆಸುವ ಸಂಸಾರ. ಶಿಲೀಂಧ್ರವು ಮನೆ ಕಟ್ಟಿ ನೀರನ್ನು ಹಿಡಿದಿಡುವುದು. ಪಾಚಿಯು ಬಿಸಿಲಿನ ಶಕ್ತಿಯಿಂದ ಆಹಾರವನ್ನು ಸಿದ್ಧಪಡಿಸುವುದು. ಇದರ ದೂರದ ಬಂಧುವೊಂದು ಉತ್ತರ ಧ್ರುವದ ಸುತ್ತಣ ಟಂಡ್ರಾ ಬಯಲಿನಲ್ಲಿ ಬೆಳೆದು, ಚಳಿಗಾಲದಲ್ಲಿ ಹಿಮಸಾರಂಗಗಳ ಮುಖ್ಯ ಮೇವಾಗುತ್ತದೆ.

ಟಂಡ್ರಾದ ಸಸ್ಯಗಳು ಎಂತಹ ಕಷ್ಟವನ್ನಾದರೂ ತಾಳಬಲ್ಲವೆಂದು ನಮ್ಮ ವಿದ್ಯಾರ್ಥಿಗಳು ಭೂಗೋಳದ ಪಾಠದಿಂದ ತಿಳಿದುಕೊಂಡಿರುತ್ತಾರೆ. ಆದರೆ ಈ ತಿಳಿವಳಿಕೆ ಅರ್ಧ ಸತ್ಯವೆಂಬುದು ನಮ್ಮ ಅಭಿಪ್ರಾಯ. ಅವುಗಳ ಬಲವು ಯಾವುದರಲ್ಲಿ ಇದೆಯೋ ಅದರಲ್ಲಿಯೇ ಅವುಗಳ ದೌರ್ಬಲ್ಯವೂ ಅಡಗಿದೆ.

ಮೊದಲು ಬಲವನ್ನು ನೋಡೋಣ. ಅಲ್ಲಿಯ ನೆಲ ಆಳದಲ್ಲಿ ಎಂದೆಂದಿಗೂ ಹೆಪ್ಪುಗಟ್ಟಿರುತ್ತದೆ; ಬೇಸಗೆಯಲ್ಲಿ ಮೇಲಿನ ತೆಳುವಾದ ಪದರ ಮಾತ್ರ ಕರಗುವುದು. ಬೇರು ಆಳಕ್ಕೆ ಇಳಿಯುವಂತಿಲ್ಲ. ಬೆಳೆಯಲು ದೊರೆಯುವ ಕಾಲ ವರ್ಷದಲ್ಲಿ ಎರಡು ತಿಂಗಳಿನಷ್ಟು. ಇಂತಹ ಕಡೆ ಎತ್ತರಕ್ಕೆ ಬೆಳೆಯುವುದು ಅವಿವೇಕ. ಗಾಳಿಯು ನೆಲವನ್ನು ಉಜ್ಜಿಕೊಂಡು ಹರಿಯುವಾಗ ಘರ್ಷಣೆಯಿಂದ ಅದರ ವೇಗ ಕುಗ್ಗುತ್ತದೆ. ನೆಲಕ್ಕೆ ಅಂಟಿದ ಪದರದಲ್ಲಿ ಬಹುಮಟ್ಟಿಗೆ ನಿಶ್ಚಲವಾಗಿರುತ್ತದೆ. ಬಿಸಿಲಿನಿಂದ ಪಡೆದ ಶಾಖ ಅಲ್ಲಿ ಬೇಗನೆ ಹಾರಿಹೋಗದು. ಧ್ರುವದ ವಿಲೋ ಮರವು ಹೆಚ್ಚು ಮೇಲೇಳದೆ ಆ ಪದರದಲ್ಲಿಯೇ ಬಾಳುವುದು. ದಿಂಬಿನಂತೆ ಒತ್ತಾಗಿ ಬೆಳೆಯುವ ಗಿಡಗಳ ಒಳಗಿನ ಉಷ್ಣತೆ, ಬಿಸಿಲಿರುವ ದಿನ, ಹೊರಗಿನ ಗಾಳಿಗಿಂತ ಹತ್ತು ಡಿಗ್ರಿಯಷ್ಟು ಹೆಚ್ಚಿರಬಲ್ಲುದು. ಧ್ರುವದ ಗಸಗಸೆಯ ಹೂ ಬಟ್ಟಲಿನಾಕಾರದ ದರ್ಪಣದಂತೆ ಸೂರ್ಯನನ್ನು ಅನುಸರಿಸಿ ತಿರುಗುತ್ತ, ಕಿರಣಗಳನ್ನು ತನ್ನ ನಡುವಿಗೆ ಪ್ರತಿಫಲಿಸುವುದು. ಚಳಿಗಾಲದಲ್ಲಿ ಹಿಮವೇ ಕಂಬಳಿ. ಅದರ ಹರಳುಗಳ ನಡುವೆ ಸಿಕ್ಕಿದ ಗಾಳಿ ಶಾಖವನ್ನು ಹೊರಬಿಡದು. ಕಲ್ಲುಹೂವಿನ ಉಪಾಯ ಇನ್ನೂ ಸರಳ. ನೀರಿಲ್ಲದಾಗ ಒಣಗಿ ಸುಮ್ಮನಿರುವುದು. ತೇವ ತಗಲಿದೊಡನೆ ಎಚ್ಚರಗೊಳ್ಳುವುದು.

ಇನ್ನು ದೌರ್ಬಲ್ಯ. ಕಲ್ಲುಹೂವಿಗೆ ನಿಜವಾದ ಬೇರಿಲ್ಲ. ಎಲೆಗಳಿಗಿರುವಂತಹ ಮೇಣದ ಹೊದಿಕೆಯೂ ಇಲ್ಲ. ಮಳೆ, ಮಂಜು, ಧೂಳುಗಳಿಂದಲೇ ಅದರ ಜೀವನ. ಆದುದರಿಂದ ಗಾಳಿಯಲ್ಲಿ ಬಂದುದನ್ನು ಬೇಡವೆನ್ನಲು ಅದಕ್ಕೆ ಬಾಗಿಲಿಲ್ಲ. 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್‌ನ ಪರಮಾಣು ಸ್ಥಾವರ ಸ್ಫೋಟಿಸಿದಾಗ, ವಿಕಿರಣಶೀಲ ಸೀಸಿಯಂ ಗಾಳಿಯೊಡನೆ ನಾರ್ವೆ, ಸ್ವೀಡನ್‌ಗಳವರೆಗೆ ಹರಡಿ ಮಳೆಯೊಡನೆ ಇಳಿಯಿತು. ಕಲ್ಲುಹೂವು ಅದನ್ನು ಹೀರಿಕೊಂಡಿತು. ಹಿಮಸಾರಂಗಗಳು ಕಲ್ಲುಹೂವನ್ನು ಮೇಯ್ದವು. ಅವುಗಳ ಮಾಂಸವನ್ನು ಎಸೆಯಬೇಕಾಗಿ ಬಂದು, ಅವನ್ನೇ ನಂಬಿದ ಸಾಮಿ ಜನರು ಬಹಳ ನಷ್ಟಪಟ್ಟರು. ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ. ಹಿಮಸಾರಂಗದ ಕಲ್ಲುಹೂವು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವುದರಿಂದ, ಒಮ್ಮೆ ನಾಶವಾದುದು ಮತ್ತೆ ತುಂಬಿಕೊಳ್ಳಲು ದಶಕಗಳು ಬೇಕು.

ನೆಲಕ್ಕಂಟಿ ಬಾಳುವ ಗಿಡಗಳ ಗತಿಯೂ ಇದೇ. 1979ರಿಂದೀಚೆಗೆ ಧ್ರುವಪ್ರದೇಶವು ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಕಾಯುತ್ತಿದೆಯೆಂದು 2022ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಶಾಖ ಹೆಚ್ಚಿದರೆ ಚಳಿಯ ಗಿಡಗಳಿಗೆ ಸುಖವೆಂದು ತೋರಬಹುದು. ಆದರೆ ಆಗ ಎತ್ತರದ ಪೊದೆಗಳು ಹಬ್ಬಿ, ಕುಳ್ಳಾದವುಗಳ ಬಿಸಿಲನ್ನು ಮರೆಮಾಡುವುವು. ಚಳಿಯನ್ನು ಗೆದ್ದ ಸಸ್ಯವು ನೆರಳಿಗೆ ಸೋಲುವುದು. ಆ ನೆಲದಲ್ಲಿ ಹೆಪ್ಪುಗಟ್ಟಿ ಕುಳಿತಿರುವ ಇಂಗಾಲವು ವಾತಾವರಣದಲ್ಲಿರುವ ಇಂಗಾಲದ ಸುಮಾರು ಎರಡರಷ್ಟು. ಅದು ಕರಗಿ ಹೊರಬಂದರೆ ಅದರ ಪರಿಣಾಮ ಬೆಂಗಳೂರನ್ನೂ ಬಿಡದು.

ಈ ಪಾಠವನ್ನು ಕಲಿಯಲು ನಾವು ಧ್ರುವಕ್ಕೆ ಹೋಗಬೇಕಾಗಿಲ್ಲ. ನಮ್ಮ ನಗರದ, ಅದರಲ್ಲಿಯೂ ಲಾಲ್‌ಬಾಗಿನ, ಕಲ್ಲುಹೂವುಗಳಲ್ಲಿ ಸೇರಿರುವ ಭಾರಲೋಹಗಳನ್ನು ಅಳೆದ ಅಧ್ಯಯನವೊಂದು ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 2003ರಲ್ಲಿ ಪ್ರಕಟವಾಯಿತು. ವಾಹನಗಳ ಹೊಗೆಯ ಲೆಕ್ಕವನ್ನು ಕಲ್ಲುಹೂವು ಯಾರೂ ಕೇಳದೆಯೇ ಬರೆದಿಡುತ್ತಿದೆ. ನಾವಾದರೋ ಅದನ್ನು ಕೊಳೆಯೆಂದು ಎಣಿಸಿ ಕೆರೆದುಹಾಕುವೆವು. ಇಲ್ಲವೆ ಮರದ ಬುಡಕ್ಕೆ ಸುಣ್ಣ ಬಳಿದು ಮುಚ್ಚುವೆವು.

ಟಂಡ್ರಾದ ಪಾಠವನ್ನು ಹೇಳುವ ಅಧ್ಯಾಪಕರು ವಿದ್ಯಾರ್ಥಿಗಳನ್ನು ಒಂದು ಗಂಟೆಯ ಕಾಲ ಹೊರಗೆ ಕರೆದೊಯ್ಯಬೇಕೆಂಬುದು ನಮ್ಮ ಸಲಹೆ. ಒಂದು ಭೂತಗನ್ನಡಿ, ಒಂದು ಅಳತೆಪಟ್ಟಿ, ಒಂದು ಪುಸ್ತಕ ಸಾಕು. ವಾಹನಗಳು ತುಂಬಿದ ಸಂಪಿಗೆ ರಸ್ತೆಯಲ್ಲೊಂದು, ಒಳಗಿನ ಶಾಂತವಾದ ಅಡ್ಡರಸ್ತೆಯಲ್ಲೊಂದು, ಒಂದೇ ಜಾತಿಯ ಎರಡು ಮರಗಳನ್ನು ಆರಿಸಿ, ತೊಗಟೆಯ ಮೇಲಿನ ಕಲ್ಲುಹೂವಿನ ಮಚ್ಚೆಗಳನ್ನು ಎಣಿಸಿ ಅಳೆದು, ತಾರೀಖಿನೊಡನೆ ಬರೆದಿಡಲಿ. ಮುಂದಿನ ವರ್ಷದ ವಿದ್ಯಾರ್ಥಿಗಳು ಅವೇ ಮರಗಳ ಬಳಿಗೆ ಮರಳಿ ಹೋಗಲಿ. ಅಲ್ಲಿಯವರೆಗೆ ಆ ತೊಗಟೆಗೆ ಯಾರೂ ಸುಣ್ಣ ಬಳಿಯದಂತೆ ನೋಡಿಕೊಳ್ಳುವ ಭಾರ ನಮ್ಮೆಲ್ಲರದು.