ರೋಗದ ಭಯವೂ ರೋಗಿಯ ಭಯವೂ

2020ನೆಯ ಇಸವಿಯ ಮಾರ್ಚ್ 19ರಂದು ಕೊಡಗು ಜಿಲ್ಲೆಯಲ್ಲಿ ಕೋವಿಡ್ ರೋಗ ತಗುಲಿದ ಮೊದಲನೆಯ ವ್ಯಕ್ತಿ ಪತ್ತೆಯಾದರು. ಹೊರದೇಶದಿಂದ ವಿಮಾನದಲ್ಲಿ ಬೆಂಗಳೂರಿಗೆ ಬಂದಿಳಿದು, ಅಲ್ಲಿಂದ ಬಸ್ಸಿನಲ್ಲಿ ಊರು ಸೇರಿದವರು ಅವರು. ಸುದ್ದಿ ಹೊರಬಿದ್ದುದೇ ತಡ, ಎಲ್ಲರ ಬಾಯಲ್ಲಿಯೂ ಒಂದೇ ಪ್ರಶ್ನೆ: "ಯಾರು? ಯಾವ ಊರು? ಯಾರ ಮನೆ?" ನಾವೂ ಆ ಪ್ರಶ್ನೆಯನ್ನು ಕೇಳಿದವರೇ, ಉತ್ತರ ದೊರೆತಾಗ ಅದನ್ನು ಇನ್ನೊಬ್ಬರಿಗೆ ಹೇಳಿದವರೇ. ಈ ಲೇಖನದಲ್ಲಿ ಮಾತ್ರ ಆ ಊರಿನ ಹೆಸರನ್ನು ಬರೆಯುವುದಿಲ್ಲ. ಏತಕ್ಕೆಂಬುದು ಮುಂದೆ ತಿಳಿಯುವುದು.

ಅಂದು ಭಯಪಟ್ಟವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಭಯಕ್ಕೆ ಸಾಕಷ್ಟು ಕಾರಣವಿದ್ದಿತು. ಮಾರ್ಚ್ 10ರಂದು ಕಲಬುರಗಿಯಲ್ಲಿ ತೀರಿಕೊಂಡ ವೃದ್ಧರೊಬ್ಬರು ಈ ರೋಗದಿಂದಲೇ ಮಡಿದರೆಂದೂ, ಭಾರತದಲ್ಲಿ ಇದು ಇದರ ಮೊದಲ ಸಾವೆಂದೂ ಎರಡು ದಿನಗಳ ಮೇಲೆ ಪ್ರಕಟವಾಗಿದ್ದಿತು. ಔಷಧಿಯಿಲ್ಲ, ಲಸಿಕೆಯಿಲ್ಲ. ಶತ್ರುವೋ ಕಣ್ಣಿಗೆ ಕಾಣದು. ಈ ವೈರಸ್ಸಿನ ಅಗಲ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಕಾಲೇಜಿನ ಪ್ರಯೋಗಶಾಲೆಯ ಸೂಕ್ಷ್ಮದರ್ಶಕದಲ್ಲಿಯೂ ಅದು ಗೋಚರಿಸದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ತಾನಾಗಿ ಬೆಳೆಯಲಾರದ, ಇನ್ನೊಂದು ಜೀವಕೋಶದೊಳಗೆ ಹೊಕ್ಕು ಅದರ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಕೊಳ್ಳುವ ಈ ಕಣವು ಮನುಷ್ಯನ ಉಸಿರು, ಮಾತು, ಕೆಮ್ಮುಗಳೊಡನೆ ಹೊರಬಿದ್ದು ಮತ್ತೊಬ್ಬರ ಶ್ವಾಸಮಾರ್ಗವನ್ನು ಸೇರುತ್ತದೆ. ಸೇರಿದ ಮೇಲೆ ಸಾಮಾನ್ಯವಾಗಿ ಐದಾರು ದಿನ, ಹೆಚ್ಚೆಂದರೆ ಹದಿನಾಲ್ಕು ದಿನ ಸುಳಿವನ್ನೇ ಕೊಡದು. ಇನ್ನೂ ಕೆಟ್ಟ ಸಂಗತಿಯೆಂದರೆ, ಜ್ವರ ಕಾಣಿಸಿಕೊಳ್ಳುವುದಕ್ಕೆ ಒಂದೆರಡು ದಿನ ಮೊದಲೇ, ತಾನು ಆರೋಗ್ಯವಂತನೆಂದು ತಿಳಿದು ಓಡಾಡುವ ವ್ಯಕ್ತಿಯಿಂದಲೇ ಅದು ಹರಡಬಲ್ಲದು.

ಭಯ ಒಮ್ಮೊಮ್ಮೆ ದಾರಿ ತಪ್ಪಿತು. ಆ ವರ್ಷದ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಕೋಳಿಯಿಂದ ರೋಗ ಬರುವುದೆಂಬ ಗಾಳಿಮಾತು ಹಬ್ಬಿ ಕರ್ನಾಟಕದಾದ್ಯಂತ ಕೋಳಿಯ ಬೆಲೆ ನೆಲಕಚ್ಚಿತು. ಕೋಳಿಗಳನ್ನು ಸಜೀವವಾಗಿ ಹೂಳಿದ ಸುದ್ದಿಯೂ ಬಂದಿತು. ಪಾಪ, ಕೋಳಿಗೂ ಈ ರೋಗಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಮಾರ್ಚ್ 22ರಂದು ಜನತಾ ಕರ್ಫ್ಯೂ, 25ರಿಂದ ದೇಶಕ್ಕೆಲ್ಲ ಬೀಗ. ಶುಕ್ರವಾರದ ಮಡಿಕೇರಿ ಸಂತೆ ನಿಂತಿತು. ಕರಿಮೆಣಸು ಕೊಯ್ಯುವ ಕಾಲ. ತೋಟಗಳಿಗೆ ಆಳುಗಳು ಬರುವಂತಿಲ್ಲ, ಲೈನ್‌ಮನೆಗಳಲ್ಲಿದ್ದ ಅಸ್ಸಾಮಿನ ಕೂಲಿಕಾರರು ತಮ್ಮೂರಿಗೆ ಹೋಗುವಂತಿಲ್ಲ. ಮಾರ್ಚ್ 27ಕ್ಕೆ ಆರಂಭವಾಗಬೇಕಿದ್ದ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆ ಜೂನ್ 25ಕ್ಕೆ ಹೋಯಿತು. ಪಾಠಗಳು ಮೊಬೈಲಿನಲ್ಲಿ ಬರತೊಡಗಿದಾಗ ಕೊಡಗಿನ ಹುಡುಗರು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದರು. ಸೋಮವಾರಪೇಟೆ ತಾಲ್ಲೂಕಿನಲ್ಲಿ ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣೆ ಕಟ್ಟಿ ಅಲ್ಲಿಂದಲೇ ಪಾಠ ಹೇಳಿದುದನ್ನು ಪತ್ರಿಕೆಗಳಲ್ಲಿ ಓದಿ ನಾವು ಸಂತೋಷಪಟ್ಟೆವು. ಮರ ಹತ್ತದೆ ಪಾಠ ಹೇಳಲಾಗದ ಸ್ಥಿತಿಯನ್ನು ನೆನೆದು ನಾಚಿಕೆಯೂ ಆಯಿತು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವ ಪ್ರವಾಹ, ಭೂಕುಸಿತಗಳಿಂದಾಗಿ ಮೊದಲೇ ನಿಂತಿದ್ದಿತು. ಈ ರೋಗದಿಂದ ನಿಂತೇ ಉಳಿದು, 2023ರಲ್ಲಿ ನಾಪೋಕ್ಲಿನಲ್ಲಿ ಮರಳಿ ನಡೆಯಿತು.

ಇದೆಲ್ಲಕ್ಕಿಂತ ಹೆಚ್ಚಾಗಿ ನಮ್ಮ ಕಣ್ಣಿನಲ್ಲಿ ನಿಂತಿರುವುದು ಮಾಕುಟ್ಟದ ಮಣ್ಣಿನ ರಾಶಿ. ವಿರಾಜಪೇಟೆಯಿಂದ ಕಾಡಿನ ನಡುವೆ ಘಟ್ಟವಿಳಿದು ಇರಿಟ್ಟಿಗೂ ಅಲ್ಲಿಂದ ಕಣ್ಣೂರು, ತಲಚೇರಿಗಳಿಗೂ ಹೋಗುವ ರಸ್ತೆಯದು. ದಕ್ಷಿಣ ಕೊಡಗಿನ ಮನೆಗಳಿಗೆ ಮೀನು ಬರುವುದು ಆ ದಾರಿಯಲ್ಲಿ. ವರ್ತಕರು, ನೆಂಟರು, ವಿದ್ಯಾರ್ಥಿಗಳು ದಿನವೂ ಹೋಗಿಬರುವುದು ಆ ದಾರಿಯಲ್ಲಿ. 2020ರ ಮಾರ್ಚ್ ಕೊನೆಯಲ್ಲಿ ಗಡಿಯ ಆ ರಸ್ತೆಗೆ ಅಡ್ಡಲಾಗಿ ಮಣ್ಣು ಸುರಿದು ಮುಚ್ಚಿದರು. ಕೇರಳದ ಮುಖ್ಯಮಂತ್ರಿಗಳು ಪ್ರಧಾನಮಂತ್ರಿಗಳಿಗೆ ದೂರು ಬರೆದರು. ಅತ್ತ ಕಾಸರಗೋಡಿನಲ್ಲಿ ಇದೇ ಕ್ರಮದ ಫಲ ಇನ್ನೂ ಕಠೋರವಾಗಿದ್ದಿತು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಅಲ್ಲಿನ ರೋಗಿಗಳು, ಅವರಲ್ಲಿ ಕನ್ನಡ ಮನೆಮಾತಿನವರೂ ಸೇರಿ, ತಲಪಾಡಿಯ ಗಡಿಯಲ್ಲಿ ತಡೆಯಲ್ಪಟ್ಟರು. ಸಕಾಲಕ್ಕೆ ಆಸ್ಪತ್ರೆ ಸೇರಲಾರದೆ ಕೆಲವರು ಅಸುನೀಗಿದ ವರದಿಗಳು ಬಂದವು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯವು ತುರ್ತು ಚಿಕಿತ್ಸೆಗೆ ಬರುವವರಿಗೆ ದಾರಿ ತೆರೆಯಬೇಕೆಂದಿತು. ಎರಡು ರಾಜ್ಯಗಳೂ ಒಂದು ಕ್ರಮಕ್ಕೆ ಒಪ್ಪಿದ ಮೇಲೆ 7ರಂದು ಸುಪ್ರೀಂ ಕೋರ್ಟು ಮೊಕದ್ದಮೆಯನ್ನು ಮುಗಿಸಿತು.

ಮಣ್ಣು ಹಾಕಿದುದು ಪೂರ್ಣ ತಪ್ಪೆಂದು ನಾವು ಹೇಳಲಾರೆವು. ಹಾಸಿಗೆಗಳೂ ವೈದ್ಯರೂ ಮಿತವಾಗಿರುವ ಪುಟ್ಟ ಜಿಲ್ಲೆಗೆ ಕೆಲವು ವಾರಗಳ ಅವಕಾಶವೂ ದೊಡ್ಡದೇ. 1377ರಲ್ಲಿ ಏಡ್ರಿಯಾಟಿಕ್ ತೀರದ ರಗೂಸ ನಗರವು ಪ್ಲೇಗು ಹರಡಿದ್ದ ಊರುಗಳಿಂದ ಬಂದವರನ್ನು ಮೂವತ್ತು ದಿನ ಹೊರಗಿರಿಸಿತು. ಮುಂದೆ ಅದು ನಲವತ್ತು ದಿನವಾಗಿ, ಇಟಲಿಯ ಭಾಷೆಯ 'ನಲವತ್ತು' ಎಂಬ ಮಾತಿನಿಂದ ಕ್ವಾರಂಟೈನ್ ಎಂಬ ಶಬ್ದ ಹುಟ್ಟಿತು. ತಡೆಯುವುದು ಹಳೆಯ ವಿದ್ಯೆ, ಉಪಯುಕ್ತವಾದ ವಿದ್ಯೆ. ಆದರೆ ಅದು ರೋಗವನ್ನು ತಡಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಆಂಬುಲೆನ್ಸಿಗೂ ತೆರೆಯದ ಗಡಿಯಿಂದ ವೈರಸ್ಸಿಗೆ ಎಷ್ಟು ನಷ್ಟವಾಯಿತೋ ತಿಳಿಯದು, ಮನುಷ್ಯರಿಗಂತೂ ಆಯಿತು.

ಮಣ್ಣಿನ ರಾಶಿ ಕಣ್ಣಿಗೆ ಕಂಡಿತು. ಆದುದರಿಂದ ನ್ಯಾಯಾಲಯದವರೆಗೆ ಹೋಯಿತು. ಕಾಣದೆ ಉಳಿದ ಇನ್ನೊಂದು ಗೋಡೆ ರೋಗಿಗೂ ನೆರೆಯವರಿಗೂ ನಡುವೆ ಎದ್ದಿತು. ಹೊರದೇಶದಿಂದ ಬಂದವರ ಕೈಗೆ ಅಳಿಸದ ಶಾಯಿಯ ಮುದ್ರೆ, ಬಾಗಿಲಿಗೆ ಚೀಟಿ. ಸಾಲದುದಕ್ಕೆ, ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದವರ ವಿಳಾಸಗಳನ್ನು ರಾಜ್ಯ ಸರ್ಕಾರವೇ ಆ ಮಾರ್ಚಿನಲ್ಲಿ ಜಿಲ್ಲಾವಾರು ಪ್ರಕಟಿಸಿತು. ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಅದರಲ್ಲಿದ್ದವರು ರೋಗಿಗಳೇನಲ್ಲ, ರೋಗ ತಗುಲಿರಬಹುದಾದವರು ಮಾತ್ರ. ಓದಿದವರಿಗೆ ಈ ಭೇದ ಎಲ್ಲಿ ಕಾಣಬೇಕು?

ಇಲ್ಲಿ ನಮಗೆ 2018ರ ಆಗಸ್ಟ್ ನೆನಪಾಗುತ್ತದೆ. ಬೆಟ್ಟಗಳು ಕುಸಿದು ಮನೆಗಳು ಮಣ್ಣುಪಾಲಾದಾಗ ಇದೇ ಜಿಲ್ಲೆಯ ಜನ ಗುರುತಿಲ್ಲದವರಿಗೂ ಬಾಗಿಲು ತೆರೆದರು, ಅನ್ನವಿಕ್ಕಿದರು. ಎರಡೇ ವರ್ಷಗಳಲ್ಲಿ ಅದೇ ಬಾಗಿಲು ಮುಚ್ಚಿತು. ಜನರ ಮನಸ್ಸು ಕಲ್ಲಾಯಿತೆ? ನಮಗೆ ಹಾಗೆ ತೋರದು. ಮಳೆಯಲ್ಲಿ ನೊಂದವನಿಂದ ಮತ್ತೊಬ್ಬನಿಗೆ ಮಳೆ ತಗುಲುವುದಿಲ್ಲ. ಅಂಟುಜಾಡ್ಯದಲ್ಲಿಯೋ, ಕರುಣೆಗೆ ಪಾತ್ರನಾದವನೇ ಅಪಾಯದ ಮೂಲವೂ ಆಗುತ್ತಾನೆ. ಎರಡು ಭಾವಗಳೂ ಒಬ್ಬನ ಮೇಲೆಯೇ ಬಿದ್ದಾಗ ಭಯ ಗೆಲ್ಲುವುದು ಸಹಜ. ಸಹಜವಾದುದೆಲ್ಲವೂ ಲಾಭದಾಯಕವಲ್ಲವೆಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ವಿದ್ಯಾರ್ಥಿಗಳು ಕಾಗದದ ಮೇಲೆ ಮಾಡಿ ನೋಡಬಹುದು. ರೋಗ ತಗುಲಿದ ಒಬ್ಬನಿಂದ ಐದು ದಿನಗಳಲ್ಲಿ ಇಬ್ಬರಿಗೆ ಹರಡುವುದೆಂದು ಇಟ್ಟುಕೊಳ್ಳೋಣ. ಆರು ತಲೆಮಾರು, ಎಂದರೆ ಮೂವತ್ತು ದಿನ ಕಳೆಯುವಲ್ಲಿ ಮೊದಲಿನವನೂ ಸೇರಿ ಒಟ್ಟು 127 ಮಂದಿಗೆ ತಗುಲಿರುತ್ತದೆ. ಪ್ರತಿಯೊಬ್ಬನೂ ಮೈ ಸರಿಯಿಲ್ಲವೆಂದು ಕಂಡ ಕೂಡಲೇ ತಿಳಿಸಿ ಪ್ರತ್ಯೇಕವಾದ ಕಾರಣ ಇಬ್ಬರ ಬದಲು ಒಬ್ಬನಿಗೆ ಮಾತ್ರ ಹರಡಿತೆಂದರೆ, ಅದೇ ಮೂವತ್ತು ದಿನಗಳಲ್ಲಿ ಏಳೇ ಮಂದಿ. ನಿಜವಾದ ಹರಡುವಿಕೆ ಇಷ್ಟು ಸರಳವಲ್ಲ. ಆದರೂ 127ಕ್ಕೂ ಏಳಕ್ಕೂ ಇರುವ ಅಂತರವು ರೋಗಿ ಬೇಗ ಬಾಯಿಬಿಡುವನೋ ಇಲ್ಲವೋ ಎಂಬುದನ್ನೇ ಬಹಳವಾಗಿ ಅವಲಂಬಿಸಿದೆ. ಬಾಯಿಬಿಟ್ಟರೆ ಮನೆತನದ ಹೆಸರು ಊರಿಗೆಲ್ಲ ಹಬ್ಬುವುದು, ಅಂಗಡಿಯಲ್ಲಿ ಸಾಮಾನು ಕೊಡಲಾರರು ಎಂದು ತಿಳಿದವನು ಎರಡು ದಿನ ಕಷಾಯ ಕುಡಿದು ಕಾಯುತ್ತಾನೆ. ಆ ಎರಡು ದಿನಗಳೇ ವೈರಸ್ಸಿಗೆ ಸುಗ್ಗಿ.

ನಮ್ಮ ನಾಡು ಈ ಪಾಠವನ್ನು ಹಿಂದೆಯೇ ಕಲಿಯಬೇಕಾಗಿದ್ದಿತು. ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬರುವ ಮೊದಲು ಮುಂಬಯಿ, ಪುಣೆಗಳಲ್ಲಿ ಮನೆ ಹೊಕ್ಕು ಶೋಧಿಸುವ, ಬಲಾತ್ಕಾರವಾಗಿ ಒಯ್ಯುವ ಕ್ರಮಗಳು ನಡೆದಿದ್ದವು. ಜನ ರೋಗಿಗಳನ್ನು ಅಡಗಿಸಿದರು, ಹೆಣಗಳನ್ನೂ ಅಡಗಿಸಿದರು. ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್ 1897ರ ಜೂನಿನಲ್ಲಿ ಗುಂಡಿಗೆ ಬಲಿಯಾದುದನ್ನು ಇತಿಹಾಸದಲ್ಲಿ ಓದಿರುವವರಿಗೆ ಆ ಕ್ರೋಧದ ಆಳ ತಿಳಿದಿದೆ.

ಇನ್ನು ಕೊಡಗಿಗೆ ಬರೋಣ. ಆ ಮೊದಲ ರೋಗಿಯ ಊರನ್ನು ಮುಚ್ಚಲಾಯಿತು. ಅವರೊಡನೆ ವಿಮಾನದಲ್ಲಿ, ಬಸ್ಸಿನಲ್ಲಿ ಬಂದವರನ್ನು ಹುಡುಕಲಾಯಿತು. ಅವರು ಮಡಿಕೇರಿಯ ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳಿದರು. ಏಪ್ರಿಲ್ ನಡುವಿನ ಹೊತ್ತಿಗೆ, 28 ದಿನಗಳಿಂದ ಹೊಸ ರೋಗಿಗಳಿಲ್ಲದ ಜಿಲ್ಲೆಗಳೆಂದು ಪುದುಚೇರಿಯ ಮಾಹೆಯೊಡನೆ ಕೊಡಗನ್ನೂ ಕೇಂದ್ರ ಆರೋಗ್ಯ ಮಂತ್ರಾಲಯ ಹೆಸರಿಸಿತು. 28 ಏಕೆ? ಹದಿನಾಲ್ಕರ ಎರಡರಷ್ಟು, ಅಡಗಿರಬಹುದಾದ ಒಂದು ಸರಪಳಿ ಹೊರಬೀಳಲು ಅಷ್ಟು ಕಾಲ ಸಾಕು. ಹೆಮ್ಮೆಪಡತಕ್ಕ ಸಂಗತಿಯೇ. ಎಲ್ಲರೂ ಅದನ್ನು ಮುಚ್ಚಿದ ರಸ್ತೆಗಳ ಮಹಿಮೆಯೆಂದರು. ಯಾರು ಯಾರೊಡನೆ ಕುಳಿತಿದ್ದರು, ಎಲ್ಲಿ ಇಳಿದರು ಎಂದು ಒಂದೊಂದಾಗಿ ವಿಚಾರಿಸಿದ ಆರೋಗ್ಯ ಕಾರ್ಯಕರ್ತರ ಪಾಲು ಅದರಲ್ಲಿ ಹಿರಿದೆಂಬುದು ನಮ್ಮ ಅಭಿಪ್ರಾಯ. ಕೇಳಿದವರಿಗೆ ಜನ ನಿಜ ಹೇಳಿದ್ದರಿಂದಲೇ ಆ ಕೆಲಸ ನಡೆಯಿತು.

2021ರಲ್ಲಿ ಮಾತು ಬೇರೆಯಾಯಿತು. ಕೇರಳದಿಂದ ಬರುವವರು ಪರೀಕ್ಷೆಯ ಪ್ರಮಾಣಪತ್ರ ತರಬೇಕೆಂದು ಫೆಬ್ರವರಿಯಲ್ಲೇ ಆಜ್ಞೆಯಾಗಿದ್ದರೂ ಎರಡನೆಯ ಅಲೆ ಒಳಗಿನಿಂದಲೇ ಎದ್ದಿತು. ಜೂನ್ ತಿಂಗಳಲ್ಲಿ ರಾಜ್ಯದ ಇತರ ಭಾಗಗಳು ಬಾಗಿಲು ತೆರೆಯುತ್ತಿದ್ದಾಗಲೂ ನಿರ್ಬಂಧ ಮುಂದುವರಿದ 11 ಜಿಲ್ಲೆಗಳಲ್ಲಿ ಕೊಡಗೂ ಒಂದು. ವೈರಸ್ ಗಡಿಯನ್ನು ದಾಟಿ ಆಗಿದ್ದಿತು. ಮಾಕುಟ್ಟದಲ್ಲಿ ನಿಂತು ಅದನ್ನು ಹುಡುಕಿ ಫಲವಿರಲಿಲ್ಲ.

"ನೆರೆಮನೆಯಲ್ಲಿ ರೋಗವಿದ್ದರೆ ನಮಗೆ ತಿಳಿಯಬೇಡವೆ?" ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ. ರೋಗಿಯೊಡನೆ ಒಂದೇ ಕೋಣೆಯಲ್ಲಿ ಕುಳಿತವರಿಗೆ, ಒಂದೇ ಜೀಪಿನಲ್ಲಿ ತೋಟಕ್ಕೆ ಹೋದವರಿಗೆ ಖಂಡಿತ ತಿಳಿಯಬೇಕು. ಆ ದಿನವೇ, ಆರೋಗ್ಯ ಇಲಾಖೆಯಿಂದಲೇ ತಿಳಿಯಬೇಕು. ಹತ್ತು ಮೈಲಿ ದೂರದಲ್ಲಿದ್ದು ಅವನನ್ನು ಎಂದೂ ಕಾಣದವನಿಗೆ ಆ ಹೆಸರಿನಿಂದ ಯಾವ ರಕ್ಷಣೆಯೂ ಇಲ್ಲ. ಅವನಿಗೆ ಬೇಕಾದುದು ಮುಖವಸ್ತ್ರ, ಗಾಳಿಯಾಡುವ ಕೋಣೆ ಮತ್ತು ಲಸಿಕೆ.

ಹೊಸ ವೈರಸ್ಸುಗಳ ಸುದ್ದಿ ನಿಲ್ಲುವುದಿಲ್ಲ. ಬಾವಲಿಗಳಲ್ಲಿ ನೆಲೆಸಿರುವ ನಿಫಾ ವೈರಸ್ 2018ರಲ್ಲಿಯೂ 2021ರಲ್ಲಿಯೂ 2023ರಲ್ಲಿಯೂ ಕೋಳಿಕ್ಕೋಡು ಜಿಲ್ಲೆಯಲ್ಲಿ ಕಾಣಿಸಿಕೊಂಡಿತು. ವಯನಾಡನ್ನು ದಾಟಿದರೆ ಕೊಡಗೇ. ಅಂಥ ಸುದ್ದಿ ಬಂದಾಗ ಕುಟ್ಟ, ಮಾಕುಟ್ಟ, ಕರಿಕೆಗಳಲ್ಲಿ ವಾಹನಗಳನ್ನು ನಿಲ್ಲಿಸಿ ನೋಡುವುದು ಆಗಬೇಕಾದುದೇ. ಅದರೊಡನೆ ಒಂದೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಇನ್ನೊಂದು ಪಟ್ಟಿ ಮೊದಲೇ ಸಿದ್ಧವಿರಲಿ: ಯಾವುದಾದರೂ ಮನೆಯ ಬಾಗಿಲು ಹದಿನಾಲ್ಕು ದಿನ ಮುಚ್ಚಬೇಕಾಗಿ ಬಂದರೆ ಅಲ್ಲಿಗೆ ಅಕ್ಕಿ, ಹಾಲು, ಔಷಧಿ ತಲುಪಿಸುವವರು ಯಾರು, ಕೂಲಿ ಕಳೆದುಕೊಂಡವರಿಗೆ ಹಣ ಕೊಡುವವರು ಯಾರು, ಆ ಮನೆಯ ದನಕ್ಕೆ ಹುಲ್ಲು ಹಾಕುವವರು ಯಾರು. ಆ ಪಟ್ಟಿಯನ್ನು ಬೇಕಾದರೆ ಪಂಚಾಯಿತಿ ಕಟ್ಟಡದ ಗೋಡೆಗೇ ಅಂಟಿಸಲಿ. ಅದರಲ್ಲಿ ನಮ್ಮ ಹೆಸರನ್ನೂ ಬರೆದುಕೊಳ್ಳಲಿ.