ಇಪ್ಪತ್ತೊಂದನೆಯ ಕಲಮು

2024ರ ಜುಲೈ 19, ಶುಕ್ರವಾರ. ಹೈದರಾಬಾದಿನಿಂದ ಕೋಲ್ಕತ್ತಕ್ಕೆ ಹೊರಟ ವಿಮಾನಯಾತ್ರಿಕರ ಕೈಗೆ ಬಂದ ಬೋರ್ಡಿಂಗ್ ಪಾಸನ್ನು ಪೆನ್ನಿನಿಂದ ಬರೆದಿತ್ತು. ಅಂದು ಲೋಕದ ನಾನಾ ಕಡೆ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆಯನ್ನು ತೋರಿಸಿ ನಿಂತುಹೋಗಿದ್ದವು. ಇದು ಶತ್ರುಗಳ ಕೈವಾಡವೆಂದು ಶಂಕಿಸಿದವರುಂಟು. ವಿಚಾರಿಸಿದಾಗ, ಮನೆಯನ್ನು ಕೆಡವಿದವನು ಮನೆಯ ಕಾವಲುಗಾರನೇ ಎಂದು ತಿಳಿದುಬಂದಿತು.

ಕಂಪ್ಯೂಟರನ್ನು ನಡೆಸುವ ವಿಂಡೋಸ್ ವ್ಯವಸ್ಥೆಗೆ ಒಂದು ಗರ್ಭಗುಡಿಯುಂಟು. ಅದಕ್ಕೆ ಕರ್ನಲ್ ಎಂದು ಹೆಸರು. ಸಾಮಾನ್ಯ ಪ್ರೋಗ್ರಾಂಗಳೆಲ್ಲ ಹೊರ ಅಂಗಳದಲ್ಲಿ ದುಡಿಯುತ್ತವೆ. ಅವುಗಳಲ್ಲೊಂದು ತನ್ನದಲ್ಲದ ಮೆಮೊರಿಯನ್ನು ಮುಟ್ಟಿದರೆ ಕರ್ನಲ್ ಅದೊಂದನ್ನು ಮಾತ್ರ ಕೊನೆಗಾಣಿಸಿ ಉಳಿದವನ್ನು ಕಾಪಾಡುತ್ತದೆ. ಗರ್ಭಗುಡಿಯೊಳಗೆ ನಿಂತವನೇ ಆ ತಪ್ಪನ್ನೆಸಗಿದರೆ? ಅವನನ್ನು ತಡೆಯಲು ಮೇಲೊಬ್ಬನಿಲ್ಲ. ಕಡತಗಳು ಕೆಡದಿರಲೆಂದು ಯಂತ್ರವೇ ಸ್ತಬ್ಧವಾಗುತ್ತದೆ. ಅಮೆರಿಕದ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಫಾಲ್ಕನ್ ಎಂಬ ರಕ್ಷಣಾ ತಂತ್ರಾಂಶ ನಿಂತದ್ದು ಅಲ್ಲಿಯೇ. ಅದು ಅಕಾರಣವೂ ಅಲ್ಲ. ಹೊರಗೆ ನಿಂತ ಕಾವಲುಗಾರನ ಕಣ್ಣು ಕಟ್ಟುವುದು ಕಳ್ಳನಿಗೆ ಸುಲಭ.

ಹೊಸ ಕಳ್ಳರ ಚಹರೆಗಳನ್ನು ಫಾಲ್ಕನ್‌ಗೆ ತಿಳಿಸುವ ಸೂಚನಾ ಕಡತಗಳು ಸಂಸ್ಥೆಯಿಂದ ಆಗಾಗ ಬರುತ್ತವೆ. ಪ್ರೋಗ್ರಾಂಗಳು ತಮ್ಮೊಳಗೆ ಮಾತನಾಡಲು ಬಳಸುವ ‘ಪೈಪು’ಗಳ ದುರುಪಯೋಗವನ್ನು ಹಿಡಿಯಲೆಂದು 2024ರ ಫೆಬ್ರವರಿಯಲ್ಲಿ ಹೊಸ ಬಗೆಯ ತಪಾಸಣೆಯೊಂದು ಸೇರಿತು. ಅದರ ನಮೂನೆಯಲ್ಲಿದ್ದ ಕಲಮುಗಳು 21. ಫಾಲ್ಕನ್ ಅವುಗಳಿಗೆ ಒದಗಿಸುತ್ತಿದ್ದ ವಿವರಗಳಾದರೋ 20. ಈ ಅಂತರ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳಲಿಲ್ಲ. ಪರೀಕ್ಷೆಗಳು ನಡೆಯಲಿಲ್ಲವೆಂದಲ್ಲ. ಅವುಗಳಲ್ಲಿಯೂ, ಮೊದಮೊದಲು ಕಳುಹಿದ ಸೂಚನೆಗಳಲ್ಲಿಯೂ, ಇಪ್ಪತ್ತೊಂದನೆಯ ಕಲಮಿನೆದುರು ‘ಏನಿದ್ದರೂ ಸರಿ’ ಎಂಬ ಗುರುತೇ ಇದ್ದುದರಿಂದ ಅತ್ತ ನೋಡುವ ಪ್ರಮೇಯವೇ ಒದಗಲಿಲ್ಲ. ಏನು ಬರೆದರೂ ಸರಿಯೆನ್ನುವ ಪರೀಕ್ಷಕನ ಮುಂದೆ ಯಾವ ವಿದ್ಯಾರ್ಥಿ ತಾನೆ ಅನುತ್ತೀರ್ಣನಾದಾನು!

ಜುಲೈ 19ರಂದು ಬಂದ ಸೂಚನೆ ಆ ಕಲಮಿನಲ್ಲಿ ನಿರ್ದಿಷ್ಟವಾದುದೊಂದನ್ನು ಹುಡುಕೆಂದಿತು. ಫಾಲ್ಕನ್ ಇಪ್ಪತ್ತರ ಪಟ್ಟಿಯಲ್ಲಿ ಇಪ್ಪತ್ತೊಂದನೆಯದಕ್ಕೆ ಕೈಚಾಚಿತು. ಕೈ ಪಟ್ಟಿಯನ್ನು ದಾಟಿ ತನ್ನದಲ್ಲದ ಮೆಮೊರಿಗೆ ತಗುಲಿತು. ಸೂಚನೆಗಳನ್ನು ಕಳುಹುವ ಮುನ್ನ ಶೋಧಿಸಬೇಕಾದ ಪ್ರೋಗ್ರಾಂ ಕೂಡ 21 ವಿವರಗಳು ಒದಗುತ್ತವೆಂದೇ ನಂಬಿತ್ತು.

ಭಾರತೀಯ ಕಾಲಮಾನ ಬೆಳಗ್ಗೆ 9-39ಕ್ಕೆ ಹೊರಟ ಆ ಕಡತವನ್ನು 78 ನಿಮಿಷಗಳಲ್ಲಿ ಹಿಂತೆಗೆದುಕೊಂಡರು. ಆದರೆ ಬಿದ್ದ ಯಂತ್ರಗಳಿಗೆ ಇದರಿಂದ ಬಂದ ಲಾಭ ಅತ್ಯಲ್ಪ. ಯಂತ್ರ ಎಚ್ಚರಗೊಳ್ಳುವಾಗಲೇ ಕಾವಲುಗಾರನೂ ಏಳುವನಷ್ಟೆ. ಎದ್ದವನು ಅದೇ ಕಡತವನ್ನೋದಿ ಯಂತ್ರವನ್ನು ಮತ್ತೆ ಕೆಡವುವನು. ಕಡೆಗೆ ಆಸ್ಪತ್ರೆ, ಬ್ಯಾಂಕು, ವಿಮಾನನಿಲ್ದಾಣಗಳಲ್ಲಿ ಸಿಬ್ಬಂದಿ ಒಂದೊಂದೇ ಯಂತ್ರದ ಮುಂದೆ ಕುಳಿತು, ಅದನ್ನು ‘ಸೇಫ್ ಮೋಡ್’ನಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ಅಳಿಸಬೇಕಾಯಿತು. ಬಿಟ್‌ಲಾಕರ್ ಬೀಗವಿದ್ದ ಯಂತ್ರಗಳಲ್ಲಿ 48 ಅಂಕಿಗಳ ಕೀಲಿಯನ್ನು ಕೈಯಿಂದಲೇ ಒತ್ತಬೇಕಾದ ಶಿಕ್ಷೆ ಬೇರೆ. ಕಳ್ಳನಿಗೆಂದು ಹಾಕಿದ ಬೀಗ ವೈದ್ಯನನ್ನೂ ಬಾಗಿಲಲ್ಲಿ ನಿಲ್ಲಿಸಿತು.

ಆಗಸ್ಟ್ 6ರಂದು ಸಂಸ್ಥೆ ತನ್ನ ತಪ್ಪಿನ ಮೂಲವನ್ನು ವಿವರವಾದ ವರದಿಯಲ್ಲಿ ಪ್ರಕಟಿಸಿತು. ಹೊಸ ಸೂಚನೆಗಳನ್ನು ಹಂತಹಂತವಾಗಿ ಹಂಚುವ ಕ್ರಮವನ್ನು ಅದರಲ್ಲಿ ಸಾರಿತು. ಅಷ್ಟರಲ್ಲಿಯೇ ಫಾಲ್ಕನ್‌ಗೆ ಒಂದು ಪುಟ್ಟ ತಿದ್ದುಪಡಿಯೂ ಆಗಿತ್ತು: ವಿವರವನ್ನು ಓದುವ ಮುನ್ನ ಪಟ್ಟಿಯಲ್ಲಿ ಎಷ್ಟಿವೆಯೆಂದು ಎಣಿಸುವುದು.